ಸಿಟಿಸಿ ಪುರಾಣ

ದೊಡ್ಡಪ್ಪ: ಡೇಟಾ ಸೈಂಟಿಸ್ಟ್ ಅಂದ್ರೆ ಭಾರಿ ಸಂಬಳವಂತೆ. ನಿಂಗೆಷ್ಟೋ?

ಕಿರಣ: ಸಿಟಿಸಿ 30 ಲಕ್ಷ, ದೊಡ್ಡಪ್ಪ.

ದೊಡ್ಡಪ್ಪ: ಅಂದ್ರೆ ತಿಂಗಳಿಗೆ ಎರಡೂವರೆ ಲಕ್ಷ ಕೈಗೆ!

ಕಿರಣ: ಅಷ್ಟೆಲ್ಲಿ? ಕಂಪನಿ ಕಟ್ಟೋ ಪಿಎಫ್, ಗ್ರಾಚ್ಯುಟಿ, ಅವರಿಗೆ ಮನಸ್ಸು ಬಂದ್ರೆ ಕೊಡೋ ವೇರಿಯಬಲ್ ಪೇ, ಎಲ್ಲಾ ಅದರೊಳಗೇ. ಉಳಿದದ್ದಕ್ಕೆ ಟ್ಯಾಕ್ಸು.

ದೊಡ್ಡಪ್ಪ: ಗ್ರಾಚ್ಯುಟಿಗೆ 5 ವರ್ಷ ದುಡೀಬೇಕಲ್ಲಪ್ಪ?

ಕಿರಣ: ನಾನು 2 ವರ್ಷಕ್ಕೇ ಕಂಪನಿ ಬಿಡ್ತೀನಲ್ಲ!

ದೊಡ್ಡಪ್ಪ: ಯಾಕೋ?

ಕಿರಣ: ರಾಜೀನಾಮೆ ಕೊಟ್ಟಾಗಲೇ ಮ್ಯಾನೇಜರಿಗೆ ನನ್ನ ಬೆಲೆ ಗೊತ್ತಾಗೋದು. ನೋಟಿಸ್ ಪೀರಿಯಡ್ 90 ದಿನ. ಅಷ್ಟರಲ್ಲಿ ಒಬ್ಬರ ಆಫರ್ ಇನ್ನೊಬ್ಬರಿಗೆ ತೋರಿಸಿ ಏರಿಸ್ಕೋತೀನಿ.

ದೊಡ್ಡಪ್ಪ: ಘಾಟಿ ದನಗಳ ಜಾತ್ರೆ ವ್ಯಾಪಾರ! ಬೆರಳು ಹಿಡಿಯೋಕೆ ಮೇಲೊಂದು ಟವಲ್ ಇಲ್ಲ, ಅಷ್ಟೇ. ಹೊಸದೇನೂ ಕಲಿಯಲ್ವಾ?

ಕಿರಣ: ಕಲಿತೆ. ರೆಸ್ಯೂಮೆಯಲ್ಲಿ ‘ಎಕ್ಸೆಲ್’ ಅಂತಿದ್ದದ್ದನ್ನ ‘ಎಐ’ ಅಂತ ತಿದ್ದಿದೆ.

ದೊಡ್ಡಪ್ಪ: ದಿನಾ ಕೆಲಸ ಏನು?

ಕಿರಣ: ತಾರೀಕಿನ ಕಾಲಮ್ಮಿಗೆ ನುಗ್ಗಿರೋ ಫೋನ್ ನಂಬರ್ ಹುಡುಕಿ ತೆಗೆಯೋದು. ಆಮೇಲೆ, ಬಾಸ್ ನಿನ್ನೆಯೇ ಮಾಡಿದ ತೀರ್ಮಾನಕ್ಕೆ ಇವತ್ತು ಗ್ರಾಫ್ ಹಾಕೋದು.

ದೊಡ್ಡಪ್ಪ: ಅಯ್ಯೋ! ತಾಲ್ಲೂಕು ಕಚೇರೀಲಿ ಸಾಹೇಬರಿಗೆ ಇದನ್ನ ಪುಕ್ಕಟೆ ಮಾಡ್ಕೊಟ್ವಲ್ಲೋ!