ಪಾರ್ಕಿಗೊಂದು ಸಲಹಾ ಸಭೆ

ನಮ್ಮ ಬಡಾವಣೆಯ ಪಾರ್ಕನ್ನು ಹೊಸದು ಮಾಡುತ್ತಾರಂತೆ, ನಿವಾಸಿಗಳ ಸಲಹೆ ಬೇಕಂತೆ. ಬೆಂಗಳೂರಿನಲ್ಲಿ ನೀರಿಗೆ ಟ್ಯಾಂಕರ್ ಕಾಯಬೇಕು; ಸಲಹೆ ಮಾತ್ರ ಕರೆಯದೆಯೇ ಮನೆಬಾಗಿಲಿಗೆ ಬರುತ್ತದೆ.

ಶುಗರ್‌ನವರಿಗೆ ಎಂಟರ ಆಕಾರದ ಹಾದಿ ಬೇಕು. ನಗೆಕೂಟದವರಿಗೆ ಮಂಟಪ ಬೇಕು. ಅವರು ನಕ್ಕರೆ ತಮ್ಮ ಬಿ.ಪಿ. ಏರುತ್ತದೆಂದು ಎದುರುಮನೆಯವರ ತಕರಾರು. ಹುಡುಗರು ಕ್ರಿಕೆಟ್ಟಿಗೆ ಜಾಗ ಕೇಳಿದ್ದು ನಡಾವಳಿಯಲ್ಲಿ ದಾಖಲಾಗಲೇ ಇಲ್ಲ.

ನಿಜವಾದ ಯುದ್ಧ ನಡೆದದ್ದು ಹೊಂಗೆಮರದ ಕೆಳಗಿನ ಕಲ್ಲುಬೆಂಚಿಗಾಗಿ. "ಅದನ್ನ ಮುಟ್ಟಿ ನೋಡಿ! 1985ರ ಉದ್ಯಾನ ಕಾಯ್ದೆ ಓದಿದೀರೇನ್ರೀ?" ಎಂದು ನಿವೃತ್ತ ಹೆಡ್‌ಕ್ಲರ್ಕ್ ಒಬ್ಬರು ಗುಡುಗಿದರು. ಆ ಕಾಯ್ದೆ ಪಾರ್ಕನ್ನು ಬೇರೆ ಕೆಲಸಕ್ಕೆ ನುಂಗದಂತೆ ಕಾಯುತ್ತದೆಯೇ ಹೊರತು, ಪೇಪರ್ ಓದುವ ಬೆಂಚನ್ನು ಯಾರ ಹೆಸರಿಗೂ ಖಾತೆ ಮಾಡಿಕೊಡುವುದಿಲ್ಲ. ಹೇಳುವವರು ಯಾರು?

ಹೂಗಿಡ ಬೇಕೆಂಬುದಕ್ಕೆ ಮಾತ್ರ ಎಲ್ಲರದೂ ಒಕ್ಕೊರಲು. 2024ರಲ್ಲಿ ನಗರದ ಪಾರ್ಕುಗಳ ಗೇಟು ಬೆಳಿಗ್ಗೆ 5ಕ್ಕೇ ತೆರೆಯುವಂತಾದ ಮೇಲೆ ಕೊಕ್ಕೆಕೋಲು, ಪ್ಲಾಸ್ಟಿಕ್ ಕವರ್ ಹಿಡಿದ ಭಕ್ತರಿಗೆ ಸುಗ್ಗಿ. ದಾಸವಾಳ ಕಣ್ಣು ಬಿಡುವ ಮೊದಲೇ ಕವರಿನೊಳಗೆ.

"ಮೊಗ್ಗು ಯಾಕಮ್ಮಾ ಕೀಳ್ತೀರಾ?"

"ದೇವರ ಮನೇಲಿ ಅರಳತ್ತೆ ಬಿಡಿ ಸಾರ್."

ಎಂಜಿನಿಯರ್ ಸಾಹೇಬರು ಎಲ್ಲವನ್ನೂ ಬರೆದುಕೊಂಡು, ಬೈಟೂ ಕಾಫಿ ಕುಡಿದು ಹೊರಟರು. ಮುಂದಿನ ವಾರ ಲಾರಿಯೊಂದು ಬಂದು ಗೇಟಿನ ಮುಂದೆ ಪೇವರ್ ಬ್ಲಾಕ್ ಸುರಿಯಿತು. ಅದನ್ನು ಕೇಳಿದವರು ಯಾರೆಂದು ಪತ್ತೆಹಚ್ಚಲು ಭಾನುವಾರ ಇನ್ನೊಂದು ಸಭೆ ಇದೆ.