ಅಲಮಾರಿ ಕನ್ನಡಿ, ದೇವದುರ್ಗದ ಬಿಸಿಲು

ಅಳಿಯನ ಮದುವೆಗೆ ಮುಂಚಿನ ವಿಡಿಯೊಗೆ ಫೋಟೊಗ್ರಾಫರ್ ಹೇಳಿದ ರೇಟು ಕೇಳಿ ಮಾನ್ವಿಯಿಂದ ಅಕ್ಕ ಫೋನ್ ಮಾಡಿದಳು: "ಆ ರೊಕ್ಕಕ್ಕ ಒಂದು ಎಮ್ಮಿ ಬರ್ತದ. ನಿನ್ನ ಫೋನಿನಾಗ ಆಗಂಗಿಲ್ಲೇನು?"

ಎಡಿಟಿಂಗ್ ನನಗೆ ಬಾರದು. ಕರಾಮತ್ತೆಲ್ಲ ಕ್ಯಾಮೆರಾದ ಮುಂದೆಯೇ ಮುಗಿಯಬೇಕು.

ಮೊದಲು ರಾಯಚೂರು ಕೋಟೆ. 1294ರ ಶಾಸನವಿರುವ, 41 ಅಡಿಗೂ ಉದ್ದದ ಒಂದೇ ಕಲ್ಲು ಅಲ್ಲಿನ ಗೋಡೆಯಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಅಳಿಯನನ್ನು ಫೋನಿನ ಹತ್ತಿರ ನಿಲ್ಲಿಸಿ, ದೂರದ ಕಲ್ಲು ಅವನ ಅಂಗೈ ಮೇಲೆ ಕೂತಂತೆ ಕಾಣಲೆಂದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ. ಹಿನ್ನೆಲೆ ಮಸುಕಾಗಿಸುವ ಮೋಡ್ ಬಂದ್ ಮಾಡುವುದು ಮರೆತಿತ್ತು. ಏಳು ಶತಮಾನದ ಶಾಸನ ಮಂಜಾಗಿ, ಅಳಿಯನ ಮೂಗಿನ ಮೊಡವೆ ಮಾತ್ರ ಸ್ಪಷ್ಟವಾಗಿ ಬಂತು. ನೋಡುತ್ತ ನಿಂತಿದ್ದ ಮುದುಕಪ್ಪ ಕೇಳಿದ: "ಬಂಡಿ ಹೂಡಿ ತಂದಿದ್ದನ್ನ ಒಂದ ಕೈಲೆ ಎತ್ಯಾನ. ಪಗಾರ ಎಷ್ಟದರೀ ಹುಡುಗಂದು?"

ಮಾನ್ವಿಯಲ್ಲಿ ಕನಸಿನ ದೃಶ್ಯ. ಹಳೆಯ ಸಿನಿಮಾದವರು ಲೆನ್ಸಿನ ಮುಂದೆ ಗಾಜು ಹಿಡಿದು, ನಡುವೆ ಜಾಗ ಬಿಟ್ಟು, ಅಂಚಿಗೆ ವ್ಯಾಸಲೀನ್ ಸವರುತ್ತಿದ್ದರು. ನಾನು ಸೀದಾ ಲೆನ್ಸಿಗೇ ಸವರಿದೆ. ಎಪ್ರಿಲ್ ಮಧ್ಯಾಹ್ನ, ವ್ಯಾಸಲೀನ್ ಎಣ್ಣೆಯಾಗಿ ಹರಿಯಿತು. ಹಿಂದೆಯೇ ಫೋನು ವಿಪರೀತ ಬಿಸಿಯಾಗಿದೆಯೆಂದು ಎಚ್ಚರಿಸಿ ಕ್ಯಾಮೆರಾ ಬಂದ್ ಮಾಡಿತು. ಅಕ್ಕ ಅದನ್ನು ಒರೆಸಿ ನೀರಿನ ಗಡಿಗೆಗೆ ಆನಿಸಿಟ್ಟಳು. "ಜ್ವರ ಇಳೀಲಿ."

ಇಷ್ಟಾದರೂ ನನ್ನ ಜೀವವೆಲ್ಲ ದೇವದುರ್ಗದ ಶಾಟಿನಲ್ಲಿತ್ತು. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿ 1959ರ 'ಕಾಗಜ್ ಕೆ ಫೂಲ್'ನಲ್ಲಿ ಎರಡು ದೊಡ್ಡ ಕನ್ನಡಿ ಇಟ್ಟು, ಹೊರಗಿನ ಬಿಸಿಲನ್ನು ಸ್ಟುಡಿಯೊದ ಕತ್ತಲಿಗೆ ಕೋಲಿನಂತೆ ಇಳಿಸಿದ್ದರು. ಬಿಸಿಲಿಗೆ ನಮ್ಮಲ್ಲಿ ಬರವೇ? ಬೀಗರ ಅಲಮಾರಿಯ ಕನ್ನಡಿ ಬಿಚ್ಚಿಸಿ ಅಂಗಳದಲ್ಲಿ ಅಳಿಯನ ಕೈಗೆ ಕೊಟ್ಟೆ. ಇನ್ನೊಂದನ್ನು ಬಾಗಿಲಲ್ಲಿ ನಾನೇ ಹಿಡಿದೆ. ಬೆಳಕಿನ ಕೋಲು ಕಾಣಬೇಕಾದರೆ ಹೊಗೆ ಬೇಕು, ಲೋಬಾನ ಹಾಕಿಸಿದೆ. ಪಕ್ಕದ ಮನೆಯವರು ಕೊಡ ನೀರು ಹಿಡಿದು ಓಡಿಬಂದರು.

ಫೋನು ಸ್ಟ್ಯಾಂಡಿನ ಮೇಲಿತ್ತು. ಕತ್ತಲೆ ಕಂಡರೆ ಅದು ತಾನಾಗಿ ಬೆಳಕು ಏರಿಸಿ ಮಾಯೆಯನ್ನೆಲ್ಲ ಕೊಲ್ಲುತ್ತದೆ. ಆದ್ದರಿಂದ ಪರದೆಯನ್ನು ಒತ್ತಿ ಹಿಡಿದು ಲಾಕ್ ಮಾಡಿ, ಬೆರಳಿನಿಂದ ಬೆಳಕು ಕೆಳಗಿಳಿಸಿದೆ. ಆಗ ಬಂತು ನೋಡಿ! ಹೊಗೆಯೊಳಗೆ ಬಂಗಾರದ ತೊಲೆಯಂತೆ ಬಿಸಿಲು, ಅದರ ತುದಿಗೆ ವಧುವಿನ ಮುಖ.

ಸೂರ್ಯ ನಿಲ್ಲಬೇಕಲ್ಲ. ಅಳಿಯನ ಕೈಯೂ ಸೋತಿತು. ಬೆಳಕು ವಧುವಿನ ಕಿವಿ ದಾಟಿ, ಗೋಡೆ ಸವರಿ, ಮೂಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದ ಅಜ್ಜಿಯ ಮೊರಕ್ಕೆ ಬಿತ್ತು.

"ಸರಸಬ್ಯಾಡ್ರೋ," ಎಂದಳು ಅಜ್ಜಿ, ಒಂದು ಹರಳು ಹೆಕ್ಕಿ ಬೆಳಕಿಗೆ ಹಿಡಿಯುತ್ತ. "ಕಣ್ಣಿನ ಆಪರೇಷನ್ ಆದಮ್ಯಾಲ ಇಷ್ಟು ಛಲೋ ಎಂದೂ ಕಂಡಿದ್ದಿಲ್ಲ."

ವಧು ಎದ್ದು ಚಹಾ ಮಾಡಲು ಹೋದಳು. ನಾವಿಬ್ಬರೂ ಕನ್ನಡಿ ಹಿಡಿದೇ ನಿಂತೆವು. ಇನ್ನೂ ಎರಡು ಮೊರ ಬೇಳೆ ಇತ್ತು.