ಆನೆ ಪಹಣಿಯಲ್ಲಿಲ್ಲ

ಆಲೂರಿನಾಚೆ ತೋಟದ ನಡುವೆ ಹೆಂಚಿನ ಮನೆ. ಜಗಲಿಯ ಮೇಲೆ ಮಾರುವ ಗೌಡ್ರು, ಎದುರಿಗೆ ಹೋಂಸ್ಟೇ ಕನಸಿನ ಬೆಂಗಳೂರು ಸಾಹೇಬ್ರು.

“ಗೌಡ್ರೇ, ಈ ಗೋಡೆ ಮೂಲೇಲಿ ಯಾಕೆ ಹೊಸ ಸಿಮೆಂಟು?”

“ಒಳಗೆ ಭತ್ತದ ಮೂಟೆ ಇತ್ತು ಸಾರ್. ವಾಸನೆ ಹಿಡ್ಕಂಡು ನೆಂಟ್ರು ಬಂದಿದ್ರು.”

“ಆನೆನಾ?”

“2014ರಲ್ಲಿ ಈ ಕಡೆಯಿಂದ 22 ಹಿಡಿದು ಸಾಗಿಸಿದ್ರು. ಆದ್ರೂ ಬರ್ತವೆ. ನಿಮ್ಮಂಗೇ, ಮಲೆನಾಡು ಅಂದ್ರೆ ಪ್ರಾಣ.”

“ರೀ, 1882ರ ಸ್ವತ್ತು ವರ್ಗಾವಣೆ ಕಾಯ್ದೆ, 55ನೇ ಕಲಂ! ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ರೂ ಕೊಳ್ಳೋನಿಗೆ ಕಾಣದ ದೋಷ ನಿಮಗೆ ಗೊತ್ತಿದ್ರೆ, ನೀವೇ ಹೇಳ್ಬೇಕು.”

“ಕಾಣದ ದೋಷ ತಾನೇ? ಆನೆ ಕಾಣಲ್ವಾ ಸಾರ್?”

(ಗೌಡ್ರು ಓದಿದ್ದು ಏಳನೇ ಕ್ಲಾಸು. ಕಾನೂನು ಓದಿದ್ದರೆ ನಮ್ಮ ಗತಿ?)

“ಇಸಿ ಸರಿಯಿದೆಯಾ?”

“ಮೂವತ್ತು ವರ್ಷದ್ದು ತೆಗೆಸಿದೀನಿ. ಸಾಲ ಇಲ್ಲ, ಅಡಮಾನ ಇಲ್ಲ. ತಂಗಿ ಅದ್ರಲ್ಲಿ ಬರಲ್ಲ ಬಿಡಿ.”

“ಯಾವ ತಂಗಿ?”

“ಅಜ್ಜನ ಆಸ್ತಿ ಅಲ್ವಾ, 2005ರಿಂದ ಹೆಣ್ಮಕ್ಳಿಗೂ ಸಮಪಾಲಂತೆ. ಸಹಿ ಹಾಕು ಅಂದ್ರೆ ಅಳ್ತಾಳೆ.”

ಸಾಹೇಬ್ರು ನೀರು ಕುಡಿದರು. “ಮಳೆಗಾಲದಲ್ಲಿ ಹೆಂಗೆ?”

“ಹಿಂದ್ಗಡೆ ಧರೆ ವರ್ಷ ವರ್ಷ ಒಂದೊಂದು ಮಾರು ಹತ್ರ ಬರುತ್ತೆ. ಗುಡ್ಡ ಹತ್ರದಿಂದ ಕಾಣ್ಬೇಕು ಅಂದ್ರಲ್ಲ.”

ಅಷ್ಟರಲ್ಲಿ ಗೌಡ್ರ ಮೊಬೈಲು ಕುಂಯ್ ಅಂತು. ಅರಣ್ಯ ಇಲಾಖೆಯ ಸಂದೇಶ: ಆನೆ ಹಿಂಡು ಊರ ಪಕ್ಕದಲ್ಲೇ ಇದೆ.

“ನೋಡಿ, ಲಿಖಿತವಾಗೇ ತಿಳಿಸಿದಂಗಾಯ್ತು. ಅಡ್ವಾನ್ಸು ನಗದೋ, ಫೋನ್‌ಪೇನೋ?”